ಟ್ರ್ಯಾಕ್ಟರ್ ಹಿಂದೆ ಎಲೆ ಊದೋ ಬ್ಲೋವರ್ ನಾನೇ ಕಟ್ಟಿದ್ದು

ಎಲೆ ಉದುರೋ ಕಾಲ ಬಂತು ಅಂದ್ರೆ ನಂಗೆ ಮೊದಲು ನೆನಪಾಗೋದು ಬೆನ್ನು ನೋವು. ತೋಟದೊಳಗಿನ ದಾರಿ 800 ಮೀಟರ್, ಎರಡೂ ಪಕ್ಕ ದೊಡ್ಡ ದೊಡ್ಡ ಮರ, ಇವತ್ತು ಗುಡಿಸಿದ್ರೆ ನಾಡಿದ್ದು ಮತ್ತೆ ಪಾದ ಮುಳುಗೋಷ್ಟು ಎಲೆ. ಬರೀ ದಾರಿ ಮೇಲೆ ಬಿದ್ದಿರೋದಾದ್ರೆ ಬಿದ್ದಿರ್ಲಿ ಬಿಡಿ ಅನ್ಬೋದಿತ್ತು, ಆದ್ರೆ ಮಳೆ ಬಂದಾಗ ಅದೇ ಎಲೆ ಹೋಗಿ ಮೋರಿ ಬಾಯಿಗೆ ಕೂತ್ಕೊಂಡು ನೀರೆಲ್ಲ ದಾರಿ ಮೇಲೆ ಹರಿಯುತ್ತೆ, ಒಣಗಿ ಹಂಗೇ ಬಿದ್ದಿದ್ರೆ ಬೇಲಿ ಪಕ್ಕ ಒಂದು ಕಿಡಿ ಸಾಕು. ಬೇಲಿಗುಂಟ ಒಂದು 4 ಮೀಟರ್ ಅಗಲ ಬರೀ ಮಣ್ಣು ಕಾಣೋ ಹಾಗೆ ಬೆಂಕಿ ರೇಖೆ ಇಟ್ಕೋಬೇಕು, ಅದು ಬೇಸಿಗೆ ಮುಗಿಯೋವರೆಗೂ ತಪ್ಪದೆ ಮಾಡ್ಬೇಕಾದ ಕೆಲಸ.

ಬೆನ್ನಿಗೆ ಹಾಕ್ಕೊಳ್ಳೋ ಬ್ಲೋವರ್ ಇದೆ, ಮೂರು ವರ್ಷ ಅದರಲ್ಲೇ ಕಳೆದೆ. ಒಳ್ಳೆ ಮಷಿನ್ನೇ, ಅದರ ಮೇಲೆ ದೂರಿಲ್ಲ, ಆದ್ರೆ ಅದು ಸೆಕೆಂಡಿಗೆ ಊದೋದು ಅರ್ಧ ಘನ ಮೀಟರಿಗಿಂತ ಕಮ್ಮಿ ಗಾಳಿ. ಕಾಲುದಾರಿಗೆ, ಅಂಗಳಕ್ಕೆ ಸಾಕು. 800 ಮೀಟರ್ ದಾರಿ, ಮೇಲೆ ಬೇಲಿ ಸುತ್ತು ಅಂದ್ರೆ ಎರಡು ದಿನದ ಕೆಲಸ, ಅಷ್ಟರಲ್ಲಿ ಮೊದಲು ಗುಡಿಸಿದ ಕಡೆ ಮತ್ತೆ ಬಿದ್ದಿರುತ್ತೆ. ಶೆಡ್ಡಲ್ಲಿ 28 ಎಚ್‌ಪಿ ಟ್ರ್ಯಾಕ್ಟರ್ ಸುಮ್ಮನೆ ನಿಂತಿರೋವಾಗ ನಾನು ಯಾಕೆ ಇದನ್ನ ಹೊತ್ಕೊಂಡು ತಿರುಗ್ಬೇಕು ಅಂತ ಶುರುವಾಗಿದ್ದು ಈ ಕೆಲಸ. ಕಟ್ಟಿ ಮುಗಿಸೋಕೆ ಬಿಡುವಿದ್ದಾಗ ಬಿಡುವಿದ್ದಾಗ ಮಾಡಿ ನಾಲ್ಕು ತಿಂಗಳು ಹಿಡೀತು, ಅದರಲ್ಲಿ ಅರ್ಧಕ್ಕರ್ಧ ಟೈಮು ಗಾಳಿ ಎಸೆಯೋ ಫ್ಯಾನಿನ ಚಕ್ರ ಒಂದಕ್ಕೇ ಹೋಯ್ತು, ಅದರ ಬಗ್ಗೆನೇ ಇಲ್ಲಿ ಜಾಸ್ತಿ ಬರೀತೀನಿ, ಯಾಕಂದ್ರೆ ಬೇರೆಯವ್ರು ಇದನ್ನ ಮಾಡೋಕೆ ಹೊರಟ್ರೆ ಅಪಾಯ ಇರೋದೂ ಅಲ್ಲೇ, ಕೆಲಸ ಕೆಡೋದೂ ಅಲ್ಲೇ.

ಮೊದಲು ಲೆಕ್ಕ ಹೇಳಿಬಿಡ್ತೀನಿ. ಟ್ರ್ಯಾಕ್ಟರ್ ಪಿಟಿಒ, ಅಂದ್ರೆ ಹಿಂದೆ ಕಟ್ಟಿದ ಮಷಿನ್ ಓಡಿಸೋಕೆ ಇರೋ ಶಾಫ್ಟು, ತಿರುಗೋದು 540 ಆರ್‌ಪಿಎಂ. ಆ ಸ್ಪೀಡಿಗೆ ಫ್ಯಾನ್ ನೇರವಾಗಿ ಕೂರಿಸಿದ್ರೆ ಗಾಳಿ ಬರುತ್ತೆ, ಎಲೆ ಅಲ್ಲಾಡುತ್ತೆ, ಅಷ್ಟೇ. ಸೆಂಟ್ರಿಫ್ಯೂಗಲ್ ಫ್ಯಾನಲ್ಲಿ, ಅಂದ್ರೆ ನಡುವಿಂದ ಗಾಳಿ ಎಳ್ಕೊಂಡು ಅಂಚಿನ ಕಡೆ ಎಸೆಯೋ ಫ್ಯಾನಲ್ಲಿ, ಎಲ್ಲಾನೂ ನಿಂತಿರೋದು ಚಕ್ರದ ಅಂಚು ಎಷ್ಟು ಜೋರಾಗಿ ಓಡುತ್ತೆ ಅನ್ನೋದರ ಮೇಲೆ. ನಾನು ಇಟ್ಕೊಂಡಿದ್ದು 600 ಮಿಲಿಮೀಟರ್ ವ್ಯಾಸದ ಚಕ್ರ, ಪಿಟಿಒ ಕಡೆ 500 ಮಿಮೀ ಪುಲ್ಲಿ, ಚಕ್ರದ ಕಡೆ 125 ಮಿಮೀ ಪುಲ್ಲಿ, ಅಂದ್ರೆ ಒಂದಕ್ಕೆ ನಾಲ್ಕು, 2160 ಆರ್‌ಪಿಎಂ. ಸೆಕೆಂಡಿಗೆ 36 ಸುತ್ತು. ಅಂಚಿನ ವೇಗ ಸೆಕೆಂಡಿಗೆ 68 ಮೀಟರ್ ಹತ್ರ ಬರುತ್ತೆ. ಸ್ಪೀಡ್ ಹೆಚ್ಚಿಸೋ ಗೇರ್‌ಬಾಕ್ಸ್ ಕೂಡ ಸಿಗುತ್ತೆ, ಅದು ಚೊಕ್ಕವಾಗಿ ಕೂರುತ್ತೆ, ಆದ್ರೆ ನಂಗೆ ಬೆಲ್ಟೇ ಇಷ್ಟ ಆಯ್ತು. ಏನಾದ್ರೂ ಸಿಕ್ಕಿ ಹಾಕ್ಕೊಂಡ್ರೆ ಬೆಲ್ಟ್ ಜಾರುತ್ತೆ, ಗೇರು ಹಲ್ಲು ಮುರಿಯುತ್ತೆ. 500ರ ಪುಲ್ಲಿ ಗುಜರಿಯಲ್ಲಿ ಒಂದು ಹಳೇ ಒಕ್ಕಣೆ ಮಷಿನ್ನಿಂದ ಸಿಕ್ತು, ಬೀಡು ಕಬ್ಬಿಣದ್ದು, ಬಿರುಕು ಇದೆಯಾ ಅಂತ ತೂಗು ಹಾಕಿ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ನೋಡಿ ತಗೊಂಡೆ, ಗಂಟೆ ಥರ ನಾದ ಬಂದ್ರೆ ಸರಿ ಇದೆ ಅಂತ, ಒಡಕು ಸದ್ದು ಬಂದ್ರೆ ಅಲ್ಲೇ ಬಿಟ್ಟು ಬರೋದು.

ದಿಕ್ಕಿನ ವಿಷಯ ಒಂದು ಹೇಳ್ಬೇಕು, ಇದರಲ್ಲಿ ತುಂಬ ಜನ ಎಡವ್ತಾರೆ. ಟ್ರ್ಯಾಕ್ಟರ್ ಹಿಂದೆ ನಿಂತ್ಕೊಂಡು ನೋಡಿದ್ರೆ ಪಿಟಿಒ ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೇ ತಿರುಗುತ್ತೆ, ಬೆಲ್ಟ್ ಅಡ್ಡ ಹಾಕದೆ ನೇರ ಹಾಕಿದ್ರೆ ಚಕ್ರನೂ ಅದೇ ದಿಕ್ಕು. ಹಾಗಾದ್ರೆ ಚಕ್ರದ ಕೆಳಭಾಗ ಎಡಗಡೆಗೆ ಓಡ್ತಾ ಇರುತ್ತೆ. ಅಂದ್ರೆ ನೆಲದ ಹತ್ರ ಗಾಳಿ ಹೊರಗೆ ಬರೋ ಬಾಯಿ ಇಟ್ರೆ ಗಾಳಿ ಟ್ರ್ಯಾಕ್ಟರಿನ ಎಡಕ್ಕೇ ಹೋಗ್ಬೇಕು, ಬಲಕ್ಕೆ ಬೇಕು ಅಂದ್ರೆ ಬಾಯಿ ಮೇಲಿಂದ ತೆಗೆದು ಬಗ್ಗಿಸಿ ಕೆಳಗೆ ತರ್ಬೇಕು. ಸೆಂಟ್ರಿಫ್ಯೂಗಲ್ ಫ್ಯಾನ್ ಉಲ್ಟಾ ತಿರುಗಿದ್ರೂ ಗಾಳಿ ಅದೇ ಬಾಯಿಂದಲೇ ಬರುತ್ತೆ, ಒಳಗೆ ಎಳ್ಕೊಳ್ಳಲ್ಲ, ಸುಮ್ಮನೆ ಅರೆಬರೆ ಊದುತ್ತೆ, ಹಾಗಾಗಿ ಉಲ್ಟಾ ಆಗಿದೆ ಅಂತ ಗೊತ್ತೇ ಆಗದೆ ಇದು ಇಷ್ಟೇ ಊದೋದು ಅಂತ ಜನ ಕೈಬಿಡ್ತಾರೆ. ನಾನು ತಗಡು ಕತ್ತರಿಸೋಕೆ ಮುಂಚೆ ಇಡೀ ಕವಚನ ರಟ್ಟಲ್ಲಿ ಮಾಡಿ ಟ್ರ್ಯಾಕ್ಟರ್ ಹಿಂದೆ ಕಟ್ಟಿ ನೋಡ್ದೆ. ರಟ್ಟು, ಅಂಟು, ಒಂದು ಮಧ್ಯಾಹ್ನ, ಅಷ್ಟೇ ಖರ್ಚು. ಆಗಲೇ ಗೊತ್ತಾಯ್ತು ನಾನು ಪೇಪರಲ್ಲಿ ಬರೆದಿದ್ದು ಟ್ರ್ಯಾಕ್ಟರ್ ಸೀಟಲ್ಲಿ ಕೂತು ಹಿಂದೆ ತಿರುಗಿ ನೋಡಿದ ಎಡಬಲ, ಹಿಂದೆ ನಿಂತು ನೋಡಿದ್ದಲ್ಲ ಅಂತ.

ಈಗ ಚಕ್ರ. 5 ಮಿಮೀ ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟು, 600 ವ್ಯಾಸ, ಅದರ ಮೇಲೆ 4 ಮಿಮೀ ದಪ್ಪದ 8 ಬ್ಲೇಡು, ಒಂದೊಂದು 150 ಅಗಲ 160 ಉದ್ದ, ನೇರವಾಗಿ ನಡುವಿಂದ ಹೊರಕ್ಕೆ ಮುಖ ಮಾಡಿರೋವು. ಹಿಂದಕ್ಕೆ ಬಾಗಿದ ಬ್ಲೇಡು ಹಾಕಿದ್ರೆ ಡೀಸೆಲ್ ಉಳಿಯುತ್ತೆ, ಆದ್ರೆ ಅದನ್ನ ಎಂಟೂ ಒಂದೇ ಥರ ಬಗ್ಗಿಸೋದು ಮನೇಲಿ ಕಷ್ಟ, ನೇರ ಬ್ಲೇಡಿಗೆ ಎಲೆ ಅಂಟಲ್ಲ, ಧೂಳು ಕೂರಲ್ಲ, ಗಟ್ಟಿಮುಟ್ಟು, ಅಕಸ್ಮಾತ್ ಎಲೆ ಒಳಗೆ ಹೋದ್ರೂ ಪುಡಿ ಆಗಿ ಆಚೆ ಬರುತ್ತೆ. ಶಾಫ್ಟು 40 ಮಿಮೀ, ಸ್ಟ್ಯಾಂಡ್ ಸಮೇತ ಬರೋ ಯುಸಿಪಿ 208 ಬೇರಿಂಗು ಎರಡು, 12 ಮಿಮೀ ಕೀ. ಚಕ್ರನ ಶಾಫ್ಟಿಗೆ ಕೂರಿಸೋ ನಡುವಿನ ಹಬ್ ಲೇತಲ್ಲಿ ತಿರುವಿಸಿದ್ದು.

ಒಂದು ಬ್ಲೇಡಿನ ತೂಕ ಮುಕ್ಕಾಲು ಕೆಜಿ. ಕೈಯಲ್ಲಿ ಹಿಡ್ಕೊಂಡ್ರೆ ಏನೂ ಅನ್ಸಲ್ಲ. ಆದ್ರೆ 2160ರಲ್ಲಿ ತಿರುಗೋವಾಗ ಅದು ಆಚೆ ಹಾರೋಕೆ ಎಳೆಯೋ ಬಲ ಲೆಕ್ಕ ಹಾಕಿದ್ರೆ 800 ಕೆಜಿ ಮೇಲೆ ಬರುತ್ತೆ, ಒಂದೊಂದು ಬ್ಲೇಡೂ ಅಷ್ಟೇ. ಅಂದ್ರೆ ಪ್ರತಿ ಬ್ಲೇಡಿನ ಬುಡದ ವೆಲ್ಡಿಗೆ ಒಂದು ಎಮ್ಮೆ ತೂಗು ಹಾಕಿದ ಹಾಗೆ, ಕೆಲಸ ಮಾಡೋ ಅಷ್ಟೂ ಹೊತ್ತು. ಈ ಲೆಕ್ಕ ಹಾಕಿದ ರಾತ್ರಿ ನಂಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮಾರನೇ ದಿನ ವೆಲ್ಡಿಂಗ್ ನಾನೇ ಮಾಡ್ಬೇಕು ಅನ್ನೋ ಆಸೆ ಬಿಟ್ಟೆ. ಗೇಟು, ಸ್ಟ್ಯಾಂಡು, ಫ್ರೇಮು ನಾನು ಮಾಡ್ತೀನಿ, ಇದು ಬೇಡ ಅಂತ ಮೂವತ್ತು ವರ್ಷದಿಂದ ಅದೇ ಕೆಲಸ ಮಾಡ್ತಿರೋ ಒಬ್ರು ವೆಲ್ಡರ್ ಹತ್ರ ಹೋದೆ. ಅವ್ರು ಚಕ್ರ ನೋಡಿ ಮೊದಲು ಕೇಳಿದ್ದು, "ಅಣ್ಣಾ, ಎಷ್ಟು ಸ್ಪೀಡು?" ಅಂತ. ಹೇಳ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಅವಸರ ಮಾಡ್ಬೇಡಿ, ಎರಡು ದಿನ ಬಿಟ್ಟು ಬನ್ನಿ" ಅಂದ್ರು.

ಅವ್ರು ಮಾಡಿದ ರೀತಿ ನಾನು ಪಕ್ಕದಲ್ಲಿ ನಿಂತು ನೋಡ್ದೆ. ಮೊದಲು ಎಂಟೂ ಬ್ಲೇಡನ್ನ ತಕ್ಕಡಿಯಲ್ಲಿ ತೂಗಿ, ಭಾರ ಹತ್ರ ಹತ್ರ ಇರೋದನ್ನ ಎದುರು ಬದುರು ಜೋಡಿ ಮಾಡಿಟ್ರು. ಆಮೇಲೆ ಟ್ಯಾಕ್, ಅಂದ್ರೆ ಅಲ್ಲಾಡದ ಹಾಗೆ ಸಣ್ಣ ಚುಕ್ಕೆ ವೆಲ್ಡ್ ಹಾಕಿ, ಒಂದು ಬ್ಲೇಡಿಗೆ ಒಂದು ಇಂಚು, ನೇರ ಎದುರಿನ ಬ್ಲೇಡಿಗೆ ಒಂದು ಇಂಚು, ಆಮೇಲೆ 90 ಡಿಗ್ರಿ ಆಚೆದು, ಹಿಂಗೆ ಸುತ್ತ ಹೋಗ್ತಾ, ನಡುವೆ ಪ್ಲೇಟಿಗೆ ಕೈಯಿಟ್ಟು ಬಿಸಿ ನೋಡ್ತಾ. ಒಂದೇ ಕಡೆಯಿಂದ ಉದ್ದಕ್ಕೆ ಎಳೆದುಬಿಟ್ರೆ ಪ್ಲೇಟು ಹಪ್ಪಳದ ಥರ ಸೊಟ್ಟಗಾಗುತ್ತೆ, ಆಮೇಲೆ ಅದನ್ನ ಸರಿ ಮಾಡೋಕೆ ಆಗಲ್ಲ. ಮುಗಿದ ಮೇಲೆ ಶಾಫ್ಟಿಗೆ ಹಾಕಿ ತಿರುಗಿಸಿ ಅಂಚಿಗೆ ಒಂದು ಕಂಬಿ ಹಿಡಿದು ನೋಡಿದ್ವಿ, ಅತ್ತಿತ್ತ ಓಲಾಡೋದು ಒಂದು ಮಿಲಿಮೀಟರ್ ಒಳಗೇ ಇತ್ತು.

ವೆಲ್ಡಿನ ಪರೀಕ್ಷೆಗೆ ಡೈ ಪೆನೆಟ್ರಂಟ್ ಕಿಟ್ ತಂದೆ, ಮೂರು ಸ್ಪ್ರೇ ಡಬ್ಬಿ ಬರುತ್ತೆ. ಜಾಗ ಚೆನ್ನಾಗಿ ಒರೆಸಿ, ಕೆಂಪು ಬಣ್ಣ ಹೊಡೆದು, ಹತ್ತು ನಿಮಿಷ ಬಿಟ್ಟು, ಮೇಲಿನ ಬಣ್ಣ ಎಲ್ಲಾ ಒರೆಸಿ ತೆಗೆದು, ಬಿಳಿ ಪುಡಿ ಸ್ಪ್ರೇ ಹೊಡೀಬೇಕು. ಬಿರುಕು ಇದ್ರೆ ಒಳಗೆ ಕೂತಿರೋ ಕೆಂಪು ಬಿಳಿ ಮೇಲೆ ಒಸರುತ್ತೆ. ಏಳು ಬ್ಲೇಡು ಚೊಕ್ಕ ಬಿಳಿ. ಎಂಟನೇದರ ಬುಡದಲ್ಲಿ, ಹೊರ ಅಂಚಿಗೆ ವೆಲ್ಡ್ ಮುಗಿಯೋ ಕಡೆ, ಒಂದು ಕೂದಲೆಳೆ ಕೆಂಪು ಗೆರೆ, ಉಗುರಿನ ಉದ್ದ ಅಷ್ಟೇ. ಬರೀ ಕಣ್ಣಿಗೆ ಅಲ್ಲಿ ಏನೂ ಇರಲಿಲ್ಲ, ಬೆರಳಾಡಿಸಿದ್ರೂ ಗೊತ್ತಾಗ್ತಿರಲಿಲ್ಲ. ಅದನ್ನ ಗ್ರೈಂಡ್ ಮಾಡಿ ತೆಗೆದು ಮತ್ತೆ ಹೊಡೆಸಿ, ಮತ್ತೆ ಪರೀಕ್ಷೆ ಮಾಡಿದ ಮೇಲೇ ಮುಂದಕ್ಕೆ ಹೋಗಿದ್ದು. ಈ ಕೆಲಸ ಮಾಡೋರು ಯಾರಾದ್ರೂ ಇದನ್ನ ಓದ್ತಾ ಇದ್ರೆ ದಯವಿಟ್ಟು ಈ ಹಂತ ಬಿಡ್ಬೇಡಿ.

ಆಮೇಲೆ ಬ್ಯಾಲೆನ್ಸಿಂಗ್. ಇದನ್ನ ಬೇರಿಂಗ್ ಮೇಲೆ ಕೂರಿಸಿ ಮಾಡೋಕೆ ಹೋಗ್ಬೇಡಿ, ಬೇರಿಂಗಿನ ಸೀಲು ಗ್ರೀಸು ಹಿಡ್ಕೊಳ್ಳೋದ್ರಲ್ಲೇ 20–30 ಗ್ರಾಂ ವ್ಯತ್ಯಾಸ ಮುಚ್ಚಿ ಹೋಗುತ್ತೆ. ಎರಡು ಆಂಗಲ್ ಕಂಬಿನ ಅಂಚು ಮೇಲೆ ಮಾಡಿ, ಗ್ರೈಂಡ್ ಮಾಡಿ ನುಣ್ಣಗೆ ಉಜ್ಜಿ, ಸ್ಪಿರಿಟ್ ಲೆವೆಲ್ ಇಟ್ಟು ಎರಡೂ ಕಡೆ ಮಟ್ಟ ನೋಡಿ, ಅದರ ಮೇಲೆ ಚಕ್ರ ಸಮೇತ ಶಾಫ್ಟ್ ಇಟ್ರೆ, ಅದು ತಾನೇ ಮೆಲ್ಲಗೆ ಉರುಳಿ ಭಾರದ ಕಡೆ ಕೆಳಗೆ ತಂದ್ಕೊಂಡು ನಿಲ್ಲುತ್ತೆ. ಒಂದು ಸಂಜೆ ನಾನು ನನ್ನ ತಮ್ಮ ಶೆಡ್ಡಿನ ಬಾಗಿಲು ಹಾಕ್ಕೊಂಡು ಕೂತ್ವಿ, ಗಾಳಿ ಆಡಿದ್ರೂ ಚಕ್ರ ಅಲ್ಲಾಡೋದು. ಚಕ್ರ ಉರುಳಿತು, ಅತ್ತ ಇತ್ತ ತೂಗಾಡಿ ನಿಂತಿತು. ಕೆಳಗೆ ಬಂದ ಜಾಗಕ್ಕೆ ಚಾಕ್‌ಪೀಸಲ್ಲಿ ಗೆರೆ. ಕಾಲು ಸುತ್ತು ತಿರುಗಿಸಿ ಬಿಟ್ಟೆ, ಮತ್ತೆ ಅದೇ ಗೆರೆ ಕೆಳಕ್ಕೆ. "ಅಣ್ಣ, ಇಲ್ಲೇ ಇದೆ ನೋಡು ಭಾರ" ಅಂದ ತಮ್ಮ. ಎದುರುಗಡೆ ಅಂಚಿಗೆ ಆಯಸ್ಕಾಂತ ಅಂಟಿಸ್ತಾ, ಅದಕ್ಕೆ ವಾಷರ್ ಸೇರಿಸ್ತಾ ಹೋದ್ವಿ, ಎಲ್ಲಿ ನಿಲ್ಲಿಸಿದ್ರೂ ಅಲ್ಲೇ ನಿಲ್ಲೋವರೆಗೂ. ತೆಗೆದು ತೂಗಿದ್ರೆ 85 ಗ್ರಾಂ.

85 ಗ್ರಾಂ ಅಂದ್ರೆ ಒಂದು ಸಣ್ಣ ಸೋಪಿನ ತೂಕ. ಅಂಚಿನ ಹತ್ರ, 280 ಮಿಮೀ ದೂರದಲ್ಲಿ, ಈ ಸ್ಪೀಡಲ್ಲಿ ಅದು 120 ಕೆಜಿಗಿಂತ ಜಾಸ್ತಿ ಎಳೆತ ಆಗುತ್ತೆ, ಅದೂ ದಿಕ್ಕು ಬದಲಾಯಿಸ್ತಾ ಸೆಕೆಂಡಿಗೆ 36 ಸಲ. ಬೇರಿಂಗು ಎಷ್ಟು ದಿನ ಬಾಳುತ್ತೆ ಹೇಳಿ. ಫ್ಯಾನಿಗೆ ಸಾಮಾನ್ಯವಾಗಿ ಇಟ್ಕೊಳ್ಳೋ ಬ್ಯಾಲೆನ್ಸ್ ಮಟ್ಟ ಜಿ 6.3 ಅಂತಾರೆ, ನನ್ನ 19 ಕೆಜಿ ಚಕ್ರಕ್ಕೆ ಅದನ್ನ ಲೆಕ್ಕ ಹಾಕಿದ್ರೆ ಅಂಚಲ್ಲಿ ಉಳೀಬೋದಾಗಿದ್ದು 2 ಗ್ರಾಂ ಅಷ್ಟೇ. ಕಂಬಿ ಮೇಲೆ ಉರುಳಿಸಿ 8–10 ಗ್ರಾಂವರೆಗೆ ತಂದೆ, ಅದಕ್ಕಿಂತ ಕೆಳಗೆ ನನ್ನ ಕೈಲಿ ಆಗಲಿಲ್ಲ. ಜೊತೆಗೆ ಚಕ್ರ 150 ಅಗಲ ಇರೋದ್ರಿಂದ ಮುಂದಿನ ಮುಖದಲ್ಲಿ ಒಂದು ಕಡೆ ಭಾರ, ಹಿಂದಿನ ಮುಖದಲ್ಲಿ ಇನ್ನೊಂದು ಕಡೆ ಭಾರ ಇದ್ರೆ ಉರುಳಿಸೋವಾಗ ಗೊತ್ತೇ ಆಗಲ್ಲ, ತಿರುಗೋವಾಗ ಮಾತ್ರ ಶಾಫ್ಟ್ ಕುಣಿಯುತ್ತೆ. ಕೊನೆಗೆ ಬ್ಯಾಲೆನ್ಸಿಂಗ್ ಮಷಿನ್ ಇರೋ ವರ್ಕ್‌ಶಾಪಿಗೆ ಹೊತ್ಕೊಂಡು ಹೋಗಿ ಎರಡೂ ಮುಖಕ್ಕೆ ಮಾಡಿಸಿದೆ. ಅಲ್ಲಿನವರು ಕೇಳಿದ್ದು ಕೂಡ ಇದೇ, ಮೊದಲು ಎಷ್ಟು ಇತ್ತು ಸಾರ್ ಅಂತ, ಹೇಳಿದ ಮೇಲೆ ಪರವಾಗಿಲ್ಲ ಮನೇಲೇ ಅರ್ಧ ಕೆಲಸ ಮುಗಿಸಿದೀರ ಅಂದ್ರು, ಆ ಮಾತು ಕೇಳಿ ನಿಜವಾಗಲೂ ಖುಷಿಯಾಯ್ತು.

ಕವಚ ಬಸವನಹುಳು ಚಿಪ್ಪಿನ ಆಕಾರ. ಇದನ್ನ ಬಿಡಿಸೋಕೆ ದೊಡ್ಡ ಗಣಿತ ಬೇಡ. ಚಕ್ರದ ನಡುವೆ 50 ಮಿಮೀ ಚೌಕ ಬರೆದು, ಅದರ ನಾಲ್ಕು ಮೂಲೇನೂ ನಾಲ್ಕು ಕೇಂದ್ರ ಮಾಡ್ಕೊಂಡು, ಕಾಲು ಸುತ್ತು ಬರೆಯೋದು, ಮುಂದಿನ ಮೂಲೆಗೆ ಹೋಗೋದು, ತ್ರಿಜ್ಯ 50 ಮಿಮೀ ಜಾಸ್ತಿ ಮಾಡೋದು. ಹಗ್ಗ, ಮೊಳೆ, ಚಾಕ್‌ಪೀಸ್ ಇದ್ರೆ ಶೆಡ್ಡಿನ ನೆಲದ ಮೇಲೇ ಆಗುತ್ತೆ. ಪಕ್ಕದ ತಗಡು 3 ಮಿಮೀ, ಸುತ್ತ ಬರೋದು 2 ಮಿಮೀ. ಗಾಳಿ ಹೊರಗೆ ಹೋಗೋ ಕಡೆ ಕವಚ ಚಕ್ರಕ್ಕೆ ಅತಿ ಹತ್ರ ಬರೋ ಒಂದು ತುದಿ ಇರುತ್ತೆ, ನಾಲಗೆ ಅಂತಾರಲ್ಲ, ಅದನ್ನ ಮೊದಲು ನಾನು 20 ಮಿಮೀ ಅಂತರಕ್ಕೆ ಇಟ್ಟಿದ್ದೆ, ಹತ್ರ ಇದ್ದಷ್ಟೂ ಗಾಳಿ ಸೋರಲ್ಲ ಅಂತ. ಓಡಿಸಿದಾಗ ಸೈರನ್ ಥರ ಕೂಗೋಕೆ ಶುರು. 8 ಬ್ಲೇಡು, ಸೆಕೆಂಡಿಗೆ 36 ಸುತ್ತು, ಅಂದ್ರೆ ಸೆಕೆಂಡಿಗೆ 288 ಸಲ ಒಂದು ಬ್ಲೇಡು ಆ ನಾಲಗೆ ದಾಟುತ್ತೆ, ಅದೇ ಸ್ವರ. ನಾಲಗೆ ಕತ್ತರಿಸಿ ದುಂಡಗೆ ಬಗ್ಗಿಸಿ 50 ಮಿಮೀಗೆ ತಂದೆ, ಕೂಗು ಹೋಗಿ ಬರೀ ಗಾಳಿ ಸದ್ದು ಉಳೀತು, ಗಾಳಿ ಕಮ್ಮಿ ಆಗಿದ್ದು ಅಳತೆಗೂ ಸಿಗಲಿಲ್ಲ.

ಫ್ರೇಮ್ ಬಗ್ಗೆ ಹೆಚ್ಚು ಹೇಳೋದಿಲ್ಲ, 50ರ ಚೌಕ ಪೈಪು, ಟ್ರ್ಯಾಕ್ಟರಿಗೆ ಸಿಕ್ಕಿಸೋ ಕೆಳಗಿನ ಎರಡು ಪಿನ್ನು 22 ಮಿಮೀ, ಮೇಲಿನ ಟಾಪ್ ಲಿಂಕ್ ಪಿನ್ನು 19, ಸಣ್ಣ ಟ್ರ್ಯಾಕ್ಟರಿನ ಮಾಮೂಲಿ ಅಳತೆ. ಮೊದಲು ಬಿ ಸೆಕ್ಷನ್ ಅಳತೆಯ ಎರಡು ವಿ-ಬೆಲ್ಟ್ ಹಾಕಿದ್ದೆ, ಹತ್ತೇ ನಿಮಿಷಕ್ಕೆ ಕಿರ್ ಅಂತ ಸದ್ದು, ರಬ್ಬರ್ ಸುಟ್ಟ ವಾಸನೆ. ಸಣ್ಣ ಪುಲ್ಲಿ ಸುತ್ತ ಬೆಲ್ಟ್ ಅರ್ಧ ಸುತ್ತಿಗಿಂತಲೂ ಕಮ್ಮಿ ತಬ್ಬಿಕೊಂಡಿರುತ್ತೆ, ಹಿಡಿತ ಸಾಲಲ್ಲ. ಪುಲ್ಲಿ ಬದಲಾಯಿಸಿ ಮೂರು ಬೆಲ್ಟ್ ಮಾಡ್ದೆ, ಮೂರನ್ನೂ ಒಟ್ಟಿಗೆ ಹೊಸದೇ ಹಾಕ್ಬೇಕು, ಹಳೇದರ ಜೊತೆ ಹೊಸದು ಸೇರಿಸಿದ್ರೆ ಹೊಸದೊಂದೇ ಎಲ್ಲಾ ಭಾರ ಹೊರುತ್ತೆ.

ಮೊದಲ ಸಲ ಟ್ರ್ಯಾಕ್ಟರ್‌ಗೆ ಹಾಕಿ ಓಡಿಸಿದ ದಿನ ಒಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ಚಕ್ರದ ಸುತ್ತ ಮರಳು ಚೀಲ ಜೋಡಿಸಿ, ಚಕ್ರ ತಿರುಗೋ ನೇರಕ್ಕೆ ಯಾರೂ ನಿಲ್ಲದ ಹಾಗೆ ನೋಡ್ಕೊಂಡು ಅರ್ಧ ಗಂಟೆ ನಿಂತಲ್ಲೇ ಓಡಿಸಿದ್ದಾಗಿತ್ತು, ಎಲ್ಲಾ ಸರಿ ಇತ್ತು. ಆಮೇಲೆ ಚೀಲ ತೆಗೆದು ಗೇರ್ ಹಾಕಿ ದಾರಿಗೆ ತಂದೆ, ಶೆಡ್ಡಿನ ಗೋಡೆ ಹತ್ರ ಬಂದಾಗ ಕ್ಲಚ್ ಒತ್ತಿದೆ, ಟ್ರ್ಯಾಕ್ಟರ್ ನಿಲ್ಲಲಿಲ್ಲ. ಕ್ಲಚ್ ಪೂರ್ತಿ ಒಳಗಿದೆ, ಟ್ರ್ಯಾಕ್ಟರ್ ಮುಂದಕ್ಕೇ ಹೋಗ್ತಿದೆ. ಬ್ರೇಕ್ ಮೇಲೆ ನಿಂತ್ಕೊಂಡು ಗೇರ್ ಎಳೆದು ನ್ಯೂಟ್ರಲ್ ಮಾಡಿದಾಗ ಗೋಡೆಗೂ ಬಂಪರಿಗೂ ಒಂದು ಗೇಣು ಇತ್ತು. ಆಗಿದ್ದೇನು ಅಂದ್ರೆ, ನಂದು ಒಂದೇ ಕ್ಲಚ್ಚಿನ ಟ್ರ್ಯಾಕ್ಟರ್, ಪಿಟಿಒ ಕೂಡ ಗೇರ್‌ಬಾಕ್ಸ್ ಮೂಲಕನೇ ಓಡೋದು. ಎಂಜಿನ್ ಬಿಟ್ಕೊಂಡ್ರೂ ತಿರುಗ್ತಿರೋ ಚಕ್ರ ಪಿಟಿಒ ಕಡೆಯಿಂದ ಉಲ್ಟಾ ಗೇರ್‌ಬಾಕ್ಸನ್ನ ಓಡಿಸ್ತಾ ಗಾಲಿ ತಿರುಗಿಸ್ತಿತ್ತು. ಆ ಚಕ್ರದಲ್ಲಿ ಕೂಡಿಟ್ಟಿರೋ ಶಕ್ತಿ ಒಂದೂವರೆ ಟನ್ ಟ್ರ್ಯಾಕ್ಟರನ್ನೇ ಒಂದು ಮೀಟರಿಗಿಂತ ಮೇಲೆ ಎತ್ತೋಷ್ಟು ಇರುತ್ತೆ, ತಳ್ಳೋದು ಯಾವ ಲೆಕ್ಕ. ಹುಲ್ಲು ಕತ್ತರಿಸೋ ಅಟ್ಯಾಚ್‌ಮೆಂಟಿಗೂ ಇದೇ ತೊಂದರೆ ಇದೆ, ಅದಕ್ಕೇ ಓವರ್‌ರನ್ನಿಂಗ್ ಕ್ಲಚ್ ಅಂತ ಒಂದು ಸಣ್ಣ ಜೋಡಣೆ ಸಿಗುತ್ತೆ, ಸೈಕಲ್ಲಿನ ಫ್ರೀವೀಲ್ ಥರಾನೇ, ಟ್ರ್ಯಾಕ್ಟರ್ ಚಕ್ರನ ತಿರುಗಿಸಬಹುದು, ಚಕ್ರ ಟ್ರ್ಯಾಕ್ಟರನ್ನ ತಿರುಗಿಸೋಕಾಗಲ್ಲ. 6 ಹಲ್ಲಿನ ಪಿಟಿಒ ಶಾಫ್ಟಿಗೆ ಸೀದಾ ಕೂರುತ್ತೆ. ನಂಗೆ ಇದು ಮೊದಲೇ ಗೊತ್ತಿರಬೇಕಿತ್ತು. ಅದು ಬರೋವರೆಗೂ ಮಷಿನ್ ಮುಟ್ಟಲಿಲ್ಲ. ಪಿಟಿಒ ಶಾಫ್ಟಿನ ಪ್ಲಾಸ್ಟಿಕ್ ಕವರ್ ಕೂಡ ಯಾವತ್ತೂ ತೆಗೀಬೇಡಿ, ಲುಂಗಿ, ಟವೆಲ್, ಸಡಿಲ ಅಂಗಿ ಹಾಕ್ಕೊಂಡು ಹತ್ರ ಹೋಗ್ಲೇಬೇಡಿ.

ಇಷ್ಟೆಲ್ಲಾ ಆದ ಮೇಲೆ ದಾರಿಗೆ ಇಳಿಸಿದೆ, ಎಲೆ ಹೋಗಲಿಲ್ಲ.

ಹೋಗಲೇ ಇಲ್ಲ ಅಂತಲ್ಲ. ಬಾಯಿ ಮುಂದೆ ಒಂದೂವರೆ ಮೀಟರ್ ಎಲೆ ಸಿಡಿದು ಹೋಗ್ತಿತ್ತು, ಮಣ್ಣೂ ಕಿತ್ಕೊಂಡು ಹೋಗ್ತಿತ್ತು, ಕಲ್ಲು ಹಾರ್ತಿತ್ತು, ಆದ್ರೆ ಅದರಾಚೆ ಎಲೆ ಹಂಗೇ ಬಿದ್ದಿತ್ತು. ಧೂಳಂತೂ ಕೇಳ್ಬೇಡಿ. ಗಾಳಿ ಸಾಲ್ತಿಲ್ಲ, ಸ್ಪೀಡ್ ಇನ್ನೂ ಜಾಸ್ತಿ ಮಾಡ್ಬೇಕು ಅಂತ ಅನ್ಸಿತು ಮೊದಲು, ಸಣ್ಣ ಪುಲ್ಲಿ ಇನ್ನೂ ಸಣ್ಣದು ಮಾಡೋ ಯೋಚನೆನೂ ಬಂತು. ಅದನ್ನ ಮಾಡದೇ ಇದ್ದಿದ್ದು ಒಳ್ಳೇದಾಯ್ತು. ಅಳೆದು ನೋಡೋಣ ಅಂತ ಕೂತೆ. ಗಾರೆ ಕೆಲಸದವ್ರು ಮಟ್ಟ ನೋಡೋ ಪಾರದರ್ಶಕ ಟ್ಯೂಬಿಗೆ ನೀರು ತುಂಬಿ ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಒಂದು ತುದಿಗೆ ಸಣ್ಣ ತಾಮ್ರದ ಕೊಳವೆ ಸಿಕ್ಕಿಸಿ, ಆ ಕೊಳವೆ ಬಾಯಿನ ಗಾಳಿಗೆ ಎದುರಾಗಿ ಹಿಡಿದೆ. ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ಏರುತ್ತೆ. ಎರಡು ಮಟ್ಟದ ನಡುವಿನ ಅಂತರ ಮಿಲಿಮೀಟರಲ್ಲಿ ತಗೊಂಡು, ಅದರ ವರ್ಗಮೂಲನ 4.04ರಿಂದ ಗುಣಿಸಿದ್ರೆ ಗಾಳಿ ವೇಗ ಸೆಕೆಂಡಿಗೆ ಎಷ್ಟು ಮೀಟರ್ ಅಂತ ಹತ್ತಿರ ಹತ್ತಿರ ಸಿಗುತ್ತೆ. ನಂಗೆ ಬಂದಿದ್ದು 290 ಮಿಮೀ, ಅಂದ್ರೆ ಸುಮಾರು 69 ಮೀಟರ್. ವೇಗಕ್ಕೆ ಕೊರತೆನೇ ಇರಲಿಲ್ಲ. ಆದ್ರೆ ನಾನು ಮಾಡಿದ್ದ ಬಾಯಿ 120 ಕ್ಕೆ 100 ಮಿಮೀ, ಗುಣಿಸಿ ನೋಡಿದ್ರೆ ಸೆಕೆಂಡಿಗೆ 0.83 ಘನ ಮೀಟರ್ ಗಾಳಿ. ಬೆನ್ನಿನ ಬ್ಲೋವರಿನ ಎರಡರಷ್ಟು, ಅಷ್ಟೇ. 28 ಎಚ್‌ಪಿ ಟ್ರ್ಯಾಕ್ಟರ್ ಇಟ್ಕೊಂಡು.

ಬಾಯಿ ಕಿತ್ತು ಹಾಕಿ 200ಕ್ಕೆ 150 ಮಿಮೀ ಮಾಡ್ದೆ. ನೀರಿನ ಅಂತರ 215ಕ್ಕೆ ಇಳೀತು, ವೇಗ 59 ಮೀಟರ್. ಗಾಳಿ ಮಾತ್ರ 1.78 ಘನ ಮೀಟರ್, ಎರಡು ಪಟ್ಟಿಗಿಂತ ಜಾಸ್ತಿ. ಅವತ್ತು ಸಂಜೆ ದಾರಿಗೆ ತಗೊಂಡು ಹೋದಾಗ ಕಂಡಿದ್ದನ್ನ ಮರೆಯೋಕಾಗಲ್ಲ. ಎಲೆ ಸಿಡಿಯಲಿಲ್ಲ, ಚಾಪೆ ಸುತ್ತಿದ ಹಾಗೆ ಸುರುಳಿ ಆಗಿ ಉರುಳ್ಕೊಂಡು ಹೋಯ್ತು, ನಾಲ್ಕು, ಐದು ಮೀಟರ್, ದಾರಿ ದಾಟಿ ಮರದ ಬುಡಕ್ಕೆ. ತೆಳ್ಳಗಿನ ಜೋರು ಗಾಳಿ ಸುತ್ತಲಿನ ಸುಮ್ಮನಿರೋ ಗಾಳಿಗೆ ಬೆರೆತು ಬೇಗ ಸತ್ತೋಗುತ್ತೆ, ದಪ್ಪಗಿನ ಗಾಳಿ ದೂರ ಹೋಗೋವರೆಗೂ ಜೀವ ಇಟ್ಕೊಂಡಿರುತ್ತೆ. ಎಲೆ ತಳ್ಳೋಕೆ ಬೇಕಾಗಿದ್ದು ಇದು. ಬಾಯಿನ ನೆಲಕ್ಕೆ ಒಂದು 10–15 ಡಿಗ್ರಿ ಬಗ್ಗಿಸಿದೆ, ಗಾಳಿ ಎಲೆ ಅಡಿಗೆ ನುಗ್ಗಬೇಕು, ಮೇಲಿಂದ ಒತ್ತಬಾರದು. ಈ ಗಾಳಿ ಇಡೀ ಮಷಿನ್ನ 13 ಕೆಜಿ ಬಲದಲ್ಲಿ ಬಲಗಡೆಗೆ ತಳ್ಳುತ್ತೆ, ಹಾಗಾಗಿ ಮಷಿನ್ ಅತ್ತಿತ್ತ ಓಲಾಡದ ಹಾಗೆ ಹಿಡಿಯೋ ಚೆಕ್ ಚೈನ್ ಬಿಗಿಯಾಗಿರ್ಬೇಕು.

ಇನ್ನೊಂದು ತೊಂದರೆ ಕೊಟ್ಟಿದ್ದು ಗಾಳಿ ಒಳಗೆ ಹೋಗೋ ಕಡೆ. 300 ಮಿಮೀ ರಂಧ್ರಕ್ಕೆ ಸೀದಾ ಜಾಲರಿ ಹಾಕಿದ್ದೆ, ಅಲ್ಲಿ ಗಾಳಿ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಒಳಗೆ ಹೋಗ್ತಿರುತ್ತೆ, ಹಾರೋ ಎಲೆ ಎಲ್ಲಾ ಬಂದು ಜಾಲರಿಗೆ ಅಂಟಿ ಐದು ನಿಮಿಷಕ್ಕೆ ಉಸಿರು ಕಟ್ಟಿದ ಹಾಗೆ ಆಗೋದು. ಜಾಲರಿನ ಡಬ್ಬದ ಥರ ದೊಡ್ಡದಾಗಿ ಆಚೆ ತಂದು ಒಟ್ಟು ಅರ್ಧ ಚದರ ಮೀಟರ್ ಮಾಡಿದೆ, ಈಗ ಜಾಲರಿ ಮೇಲೆ ಗಾಳಿ ವೇಗ ನಾಲ್ಕು ಮೀಟರಿಗಿಂತ ಕಮ್ಮಿ, ಎಲೆ ಬಂದು ತಾಗಿ ತಾನೇ ಬಿದ್ದೋಗುತ್ತೆ. ಒಂದೊಂದು ಸಲ ಅಗಲ ಎಲೆ ಅಂಟುತ್ತೆ, ಆಗ ಎಂಜಿನ್ ಆಫ್ ಮಾಡಿ ಚಕ್ರ ಪೂರ್ತಿ ನಿಂತ ಮೇಲೇ ಇಳಿದು ತೆಗೆಯೋದು.

ಈಗ ಓಡಿಸೋ ರೀತಿ. ಎಂಜಿನ್ ಸ್ಲೋ ಇರೋವಾಗ ಪಿಟಿಒ ಹಾಕಿ, ಮೆಲ್ಲಗೆ ಎಕ್ಸಲರೇಟರ್ ಏರಿಸ್ತೀನಿ. ಪೂರ್ತಿ 540ಕ್ಕೆ ಹೋಗೋದು ಎಲೆ ಹಸಿ ಇದ್ದಾಗ ಮಾತ್ರ. ಫ್ಯಾನಲ್ಲಿ ಸ್ಪೀಡು ಹತ್ತು ಪರ್ಸೆಂಟ್ ಇಳಿಸಿದ್ರೆ ಗಾಳಿ ಹತ್ತೇ ಪರ್ಸೆಂಟ್ ಇಳಿಯುತ್ತೆ, ಆದ್ರೆ ತಗೊಳ್ಳೋ ಶಕ್ತಿ 27 ಪರ್ಸೆಂಟ್ ಕಮ್ಮಿ ಆಗುತ್ತೆ, ಸ್ಪೀಡಿನ ಘನಕ್ಕೆ ತಕ್ಕ ಹಾಗೆ ಅದು. ಒಣಗಿದ ಎಲೆಗೆ 480ರ ಆಸುಪಾಸು ಧಾರಾಳ ಸಾಕು. ಬೆಳಗ್ಗೆ ಇಬ್ಬನಿ ಇರೋವಾಗ ಹೋದ್ರೆ ಎಲೆ ನೆಲಕ್ಕೆ ಅಂಟಿರುತ್ತೆ, ಬಿಸಿಲು ಬಿದ್ದ ಮೇಲೆ ಹೋದ್ರೆ ಅರ್ಧ ಡೀಸೆಲಲ್ಲಿ ಮುಗಿಯುತ್ತೆ. ಗಾಳಿ ಬೀಸೋ ದಿಕ್ಕು ನೋಡಿ ಅದರ ಜೊತೆಗೇ ಊದ್ಬೇಕು. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇಲ್ಲದೆ ಹತ್ತಲ್ಲ, ಎಡಗಡೆ 20 ಮೀಟರ್ ಒಳಗೆ ಜನ, ದನ, ನಾಯಿ ಯಾರೂ ಇರ್ಬಾರದು.

800 ಮೀಟರ್ ದಾರಿ ಹೋಗ್ತಾ ಒಂದು ಸಲ ಬರ್ತಾ ಒಂದು ಸಲ, ನಡೆಯೋ ವೇಗದಲ್ಲಿ, ಅರ್ಧ ಗಂಟೆ. ಬೇಲಿ ಸುತ್ತು ಸೇರಿ ಮಧ್ಯಾಹ್ನದೊಳಗೆ ಎಲ್ಲಾ ಮುಗಿದಿರುತ್ತೆ. ಮರದ ಬುಡಕ್ಕೆ ಹೋದ ಎಲೆ ಅಲ್ಲೇ ಕೊಳೆತು ಗೊಬ್ಬರ ಆಗ್ಲಿ ಅಂತ ಬಿಡ್ತೀನಿ, ಬೇಲಿ ಕಡೆದು ಮಾತ್ರ ಒಳಮುಖವಾಗಿ ಊದಿ ಗುಡ್ಡೆ ಮಾಡಿ ಗುಂಡಿಗೆ ಹಾಕ್ತೀವಿ.

ಮೊನ್ನೆಗೆ 40 ಗಂಟೆ ಓಡಿಸಿದ ಹಾಗಾಯ್ತು. ಕವಚದ ಪಕ್ಕ ಬಿಚ್ಚಿ, ಚಕ್ರ ತೊಳೆದು, ಮತ್ತೆ ಕೆಂಪು ಬಣ್ಣ ಹೊಡೆದು ನೋಡ್ದೆ. ತಮ್ಮ ಟಾರ್ಚ್ ಹಿಡಿದಿದ್ದ, ಒಂದೊಂದೇ ಬ್ಲೇಡಿನ ಬುಡ ನೋಡ್ತಾ ಸುತ್ತಿ ಬಂದ್ವಿ, ಆ ಎಂಟನೇದನ್ನ ಎರಡು ಸಲ. ಎಂಟೂ ಬಿಳಿ. ಬೇರಿಂಗಿಗೆ ಗ್ರೀಸ್ ಹೊಡೆದು ಕವಚ ಮುಚ್ಚಿದ್ವಿ.